ಕಿಟಕಿಯಲ್ಲಿ ಲುಯಿಸ್

ಬಾಗಿಲ ಕೆಳಗಿನ ಬೆಳಕಿನ ಎಳೆ ಹೋಗಿದೆ, ಗೋಣಿಚೀಲ ಸರಿಯಾಗಿ ಕೂತಿದೆ, ಆದರೂ ಹಸಿರು ಹಸಿರು ಚುಕ್ಕಿಗಳು ತೇಲುತ್ತಲೇ ಇವೆ, ಅದು ಬರೀ ಕಣ್ಣಿನ ಆಟ ಎಂದು ಶೈಲಾಗೆ ಗೊತ್ತು, ಎಕ್ಸರೇ ತೊಳೆಯುತ್ತಿದ್ದ ಆಸ್ಪತ್ರೆಯ ಕತ್ತಲ ಕೋಣೆಯಲ್ಲೂ ಹೀಗೇ ಆಗುತ್ತಿತ್ತು, ಅಲ್ಲಿ ಒಂದು ಕೆಂಪು ದೀಪವಾದರೂ ಇತ್ತು, ಈ ಫಿಲ್ಮಿಗೆ ಕೆಂಪು ಬೆಳಕೂ ಆಗುವುದಿಲ್ಲ, ಹಾಗಾಗಿ ಮಿಲ್ಲಿನ ಕ್ವಾರ್ಟರ್ಸಿನ ಈ ಬಚ್ಚಲಮನೆಯಲ್ಲಿ, ಹಾಡಹಗಲಲ್ಲಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ಕುರುಡಿಯ ಹಾಗೆ ಬೆರಳುಗಳಿಂದಲೇ ನೋಡಬೇಕು — ಇದು ರೀಲು, ಸುರುಳಿಯಾಗಿ ತೋಡು ಕೊರೆದಿರುವ ಪ್ಲಾಸ್ಟಿಕ್ಕಿನ ಚಕ್ರ, ಇದು ಫಿಲ್ಮು, ಅಂಚನ್ನಷ್ಟೇ ಮುಟ್ಟಬೇಕು, ತೋಡಿನೊಳಗೆ ತೂರಿಸಿ ಚಕ್ರವನ್ನು ಹಿಂದೆ ಮುಂದೆ ಆಡಿಸಿದರೆ ತಾನಾಗಿ ಸುತ್ತಿಕೊಳ್ಳುತ್ತಾ ಹೋಗಬೇಕು, ಅರ್ಧ ಹೋಯಿತು, ನಿಂತಿತು. ಮತ್ತೆ ಎಳೆದಳು, ಮತ್ತೆ ನಿಂತಿತು. ಬೆಳಿಗ್ಗೆ ರೀಲು ತೊಳೆದಿದ್ದಳಲ್ಲ, ಯಾವುದೋ ತೋಡಿನಲ್ಲಿ ಒಂದು ಹನಿ ನೀರು ಉಳಿದಿರಬೇಕು, ಒದ್ದೆಗೆ ಫಿಲ್ಮು ಅಂಟುತ್ತದೆ, ಜೋರು ಮಾಡಿದರೆ ಮಡಚುತ್ತದೆ, ಮಡಚಿದಲ್ಲಿ ಅರ್ಧಚಂದ್ರದ ಕಲೆ ಬೀಳುತ್ತದೆ, ಆ ಕಲೆ ಯಾರ ಮೇಲೆ ಬೀಳುತ್ತದೋ. ಅದಕ್ಕಿಂತ ದೊಡ್ಡ ಅನುಮಾನ ಕತ್ತರಿಯದು. ಫಿಲ್ಮನ್ನು ಅದರ ಉರುಳೆಯಿಂದ ಬಿಡಿಸಲು ಕೊನೆಯ ತುದಿಯನ್ನು ಕತ್ತಲಲ್ಲೇ ಕತ್ತರಿಸಿದಾಗ ಅಂದಾಜು ತಪ್ಪಿತೇ? ಕ್ಯಾಮೆರಾದ ಲೆಕ್ಕ ಮುಗಿದ ಮೇಲೂ ಕಾಲು ಸುತ್ತು ತಿರುಗಿ ಒಂದು ಚಿತ್ರವನ್ನು ಹೆಚ್ಚಿಗೆ ಕೊಟ್ಟಿತ್ತು, ಅದು ತೀರಾ ತುದಿಯಲ್ಲಿ ಇರುತ್ತದೆ, ಮತ್ತು ಇಡೀ ರೋಲಿನಲ್ಲಿ ಅವಳಿಗೆ ಬೇಕಾದದ್ದು ಅದೊಂದೇ.

ಉಳಿದವು ಏನು, ಉಳಿದವು ಅವಳ ಚಪಲ. ಸೂಪಾದ ಹಿನ್ನೀರಿನಲ್ಲಿ ನಿಂತ ಒಣಗಿದ ಮರಗಳು, ಕೋಗಿಲಬನದ ಹತ್ತಿರ ಕಾಳಿ ನದಿಯ ಮೇಲಿನ ಮಂಜು — ಮಂಜು ಬರುತ್ತದೋ ಬರೀ ಬೂದಿ ಬರುತ್ತದೋ — ಅತ್ತಿವೇರಿಯಲ್ಲಿ ಸುಮ್ಮನೆ ಫಿಲ್ಮು ಹಾಳುಮಾಡಿ ತೆಗೆದ ಹಕ್ಕಿಗಳು, ಅಷ್ಟು ದೂರದಲ್ಲಿ ಅವು ಎಳ್ಳಿನ ಕಾಳಿನಷ್ಟೂ ಬಂದಿರಲಿಕ್ಕಿಲ್ಲ, ಗೊತ್ತಿದ್ದೂ ಒತ್ತಿದಳು, ಒತ್ತಿದಾಗಿನ ಆ ಸದ್ದಿಗೆ, ಆಮೇಲಿನ ಗೊತ್ತಿಲ್ಲದಿರುವ ಸುಖಕ್ಕೆ. ಹಳಿಯಾಳದ ಜ್ಯೋತಿಬಾ ತನ್ನ ಸ್ಟುಡಿಯೋ ಮುಚ್ಚುವಾಗ ಕ್ಯಾಮೆರಾ ಅವಳ ಕೈಗಿಟ್ಟು ಹೇಳಿದ್ದ, ಬಾಯಾರ, ಇದು ತಾನಾಗಿ ಏನೂ ಮಾಡೂದಿಲ್ಲ, ಎಲ್ಲಾ ನೀವ ಮಾಡಬೇಕು. ಅದೇ ತಾನೇ ಅವಳಿಗೆ ಬೇಕಾಗಿದ್ದದ್ದು. ಆಸ್ಪತ್ರೆಗೆ ಕಂಪ್ಯೂಟರಿನ ಎಕ್ಸರೇ ಬಂದ ಮೇಲೆ ಕತ್ತಲ ಕೋಣೆಯಲ್ಲಿ ಸಲೈನಿನ ಪೆಟ್ಟಿಗೆಗಳು ತುಂಬಿದವು, ಈಗ ಒತ್ತಿದರೆ ಪರದೆಯ ಮೇಲೆ ಎದೆ, ಅಷ್ಟೇ, ಆಗ ಹಾಗಲ್ಲ, ಔಷಧದ ತೊಟ್ಟಿಯಲ್ಲಿ ಹಾಲುಬಿಳಿ ಫಿಲ್ಮು ಮುಳುಗಿಸಿ ಎತ್ತಿದರೆ ಕಪ್ಪು ಏಳುತ್ತಿತ್ತು, ಕಪ್ಪಿನ ನಡುವೆ ಪಕ್ಕೆಲುಬುಗಳು ಒಂದೊಂದಾಗಿ ಉಳಿಯುತ್ತಿದ್ದವು, ಎಷ್ಟು ಸಾವಿರ ಎದೆಗಳು, ದಾಂಡೇಲಿ ಜೋಯಿಡಾ ಮುಂಡಗೋಡದ ಎಲ್ಲರ ಎದೆಗಳು, ಉಸುರು ಹಿಡೀರಿ, ಬಿಡ್ರಿ, ಅಂಗಿ ಹಾಕ್ಕೊಳ್ರಿ, ಒಬ್ಬರ ಮುಖವೂ ನೆನಪಿಲ್ಲ. ಕಾತರಿನಾಳ ಗಂಡ ಲುಯಿಸನ ಮುಖವೂ ಇಲ್ಲ. ಅದೇ ಅವಳನ್ನು ಕೊರೆಯುತ್ತಿರುವುದು. ಕಾತರಿನಾ ಕೆಮ್ಮು ತೋರಿಸಲು ಬಂದವಳು, ಎಕ್ಸರೇ ಮುಗಿದ ಮೇಲೂ ಏಳಲಿಲ್ಲ, ನೀಲಿ ಹಾಳಿ ಕೊಡ್ರಿ ಅಂದಳು, ಈಗ ಎಕ್ಸರೇ ಫಿಲ್ಮು ಕೊಡುವುದಿಲ್ಲ, ಕಾಗದದ ಮೇಲೆ ಬರುತ್ತದೆ ಎಂದು ಶೈಲಾ ಹೇಳಿದರೆ ಅವಳ ಮೋರೆ ಸಣ್ಣದಾಯಿತು. ಹಿಂದಕ ನಮ್ಮ ಮನಿಯವರದು ನೀವ ತಗದಿದ್ರಿ, ಕಿಡಕಿಗೆ ಹಾಕೇನಿ, ಬಂದ ನೋಡ್ರಿ, ಅಂದಳು.

ಶೈಲಾ ಹೋದಳು, ಕುತೂಹಲ ಸುಮ್ಮನೆ ಕೂರಲು ಬಿಡಲಿಲ್ಲ, ಭಾನುವಾರ ಕಾತರಿನಾ ಚರ್ಚಿನಿಂದ ಬರುವ ಹೊತ್ತಿಗೆ, ಹಳಿಯಾಳದಾಚೆಯ ಕಾಡಂಚಿನ ಸಿದ್ದಿಯರ ಕೇರಿಗೆ, ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು. ಮಣ್ಣಗೋಡೆಯ ಮನೆ, ಒಂದೇ ಕಿಟಕಿ, ಕಿಟಕಿಗೆ ಮೊಳೆ ಹೊಡೆದು ಬಿಗಿದ ಎಕ್ಸರೇ, ಬಿಸಿಲು ಅದರೊಳಗಿಂದ ಹಾದು ಸೆಗಣಿ ಸಾರಿಸಿದ ನೆಲದ ಮೇಲೆ ನೀಲಿಯಾಗಿ ಬಿದ್ದಿತ್ತು, ಮತ್ತು ಶೈಲಾ ನೋಡಿದ ಕೂಡಲೇ ಗುರುತು ಹಿಡಿದಳು — ಬಲಗಡೆ ಮುರಿದ ಎರಡು ಎಲುಬು, ನಾಟಾ ಡಿಪೋದಲ್ಲಿ ದಿಮ್ಮಿ ಉರುಳಿ ಬಂದು ಬಡಿದ ಕೂಲಿಯವನು, ಅಗಲ ಎದೆ, ದೊಡ್ಡ ಸೈಜಿನ ಫಿಲ್ಮು ಹಾಕಿದ್ದೆ, ಹೌದು. ಆ ಪೆಟ್ಟಿನಿಂದ ಎದ್ದ ಮನುಷ್ಯ ಎಷ್ಟೋ ವರ್ಷ ಬದುಕಿ, ಕಳೆದ ಮಳೆಗಾಲದಲ್ಲಿ ಜ್ವರಕ್ಕೆ ತೀರಿಹೋದನಂತೆ. ಫೋಟೋ ಇಲ್ಲ. ಆಧಾರ್ ಕಾರ್ಡಿನಲ್ಲಿ ಬೈಸಿಕೊಂಡವನಂತೆ ಕೂತ ಒಂದು ಮುಖ ಇದೆ, ಅದು ಅವರಲ್ಲ ಅನ್ನುತ್ತಾಳೆ ಕಾತರಿನಾ. ರೆಸಾರ್ಟಿಗೆ ಬಂದವರು ಕಾರು ನಿಲ್ಲಿಸಿ ನಿಲ್ಲು, ನಗು, ಅನ್ನುತ್ತಿದ್ದರಂತೆ, ಕೇಳದೆ ಗುಂಗುರು ಕೂದಲು ಮುಟ್ಟುತ್ತಿದ್ದರಂತೆ, ಅಂದಿನಿಂದ ಲುಯಿಸ್ ಮೊಬೈಲು ಕಂಡರೂ ಬೆನ್ನು ತಿರುಗಿಸುವುದನ್ನು ಕಲಿತ, ಮಕ್ಕಳು ಹಿಡಿದರೂ ಬೆನ್ನೇ. ಮಾರಿ ತಗ್ಯಾಕ ಯಾರಿಗೂ ಕೊಡಲಿಲ್ಲ, ನಿಮಗ ಎದಿ ಅಷ್ಟ ಕೊಟ್ರು, ಅಂದಳು. ಶೈಲಾ ಆಗ ಕುತ್ತಿಗೆಯ ಕ್ಯಾಮೆರಾವನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ತಾನೂ ಅಂಥದೇ ಒಬ್ಬಳಾಗಿ ಬಂದೆನೇ ಎಂದು, ಅದನ್ನು ಕಂಡು ಕಾತರಿನಾಳೇ ಹೇಳಿದಳು, ಅದನ್ನ ಹೊರಗ ತಗೀರಿ, ನಮ್ಮಿಬ್ಬರದೂ ಕೂಡೇ ಒಂದು ಫೋಟೋ ಬೇಕು ನನಗ.

ಆದರೆ ಬೆಳಕು. ಕಿಟಕಿಗೆ ಹೊಂದಿಸಿದರೆ ಕಾತರಿನಾಳ ಮುಖ ಗೋಡೆಯ ಕತ್ತಲಲ್ಲಿ ಕರಗುತ್ತದೆ, ಮುಖಕ್ಕೆ ಹೊಂದಿಸಿದರೆ ಲುಯಿಸ್ ಸುಟ್ಟು ಬಿಳಿಯಾಗುತ್ತಾನೆ, ಇಬ್ಬರನ್ನೂ ಒಟ್ಟಿಗೆ ಹಿಡಿಯುವ ಗಳಿಗೆಯೊಂದು ಎಲ್ಲೋ ನಡುವೆ ಇದೆ, ಕ್ಯಾಮೆರಾದೊಳಗೆ ಬೆಳಕು ಅಳೆಯುವ ಸಣ್ಣ ಮುಳ್ಳು ಹೌದು ಅಲ್ಲ ಅನ್ನುತ್ತಾ ತೂಗುತ್ತಿದೆ, ಬಾಗಿಲು ಪೂರ್ತಿ ತೆರೆಸಿದಳು, ಬೆಳಕು ಮುಖಕ್ಕೆ ತಿರುಗಲೆಂದು ಎದುರಿಗೆ ಬಿಳಿ ಹಾಸಿಗೆಬಟ್ಟೆ ಕಟ್ಟಿಸಿದಳು, ಕಾತರಿನಾಳನ್ನು ಕಿಟಕಿಯ ಬಲಕ್ಕೆ ನಿಲ್ಲಿಸಿದಳು, ಒತ್ತುವಷ್ಟರಲ್ಲಿ ಆಕೆ ತಡೆದು ಕೇಳಿದಳು, ಬಾಯಾರ, ಇದರಾಗ ಹೃದಯ ಎಲ್ಲಿ ಬರತೈತಿ? ಶೈಲಾ ತೋರಿಸಿದಳು, ಈ ಬೆಳ್ಳನೆಯ ನೆರಳು, ಇದೇ. ಇಷ್ಟು ವರ್ಷ ಆ ಕಡಿ ಅಂತ ತಿಳದಿದ್ದೆ, ಎಂದು ಕಾತರಿನಾ ತನ್ನಷ್ಟಕ್ಕೆ ಅಂದು, ತೋಳು ಚಾಚಿ ಅಲ್ಲಿ ಅಂಗೈ ಇಟ್ಟಳು. ಆಗಲೇ ಶೈಲಾ ಒತ್ತಿದಳು. ತೋರಸ್ರಿ ನೋಡೂಣು, ಅಂದಳು ಆಮೇಲೆ ಕಾತರಿನಾ. ಇದರಲ್ಲಿ ಈಗಲೇ ಕಾಣುವುದಿಲ್ಲ, ಅಂದಳು ಶೈಲಾ. ಹಂಗಾರ ಏನ ಬಂದೈತಿ ನಿಮಗೂ ಗೊತ್ತಿಲ್ಲೇನು? ಇಲ್ಲ. ಅದಕ್ಕೆ ಕಾತರಿನಾ ನಕ್ಕಳು, ಚರ್ಚಿನ ಸೀರೆಯ ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು, ಯಾಕೆ ಅಷ್ಟು ಖುಷಿಯಾಯಿತೋ.

ಬಚ್ಚಲ ಬಾಗಿಲು ಸದ್ದಾಯಿತು, ಶೈಲಾ, ಒಳಗ ಅದೀ ಏನು, ಕಾಲ ತೊಳಕೋಬೇಕು — ಗಂಡ ಮಹಾಬಳೇಶ್ವರ, ಪಾಳಿ ಮುಗಿಸಿ ಬಂದಿದ್ದಾನೆ. ತಗೀಬ್ಯಾಡ್ರಿ, ಎಂದಳು, ಅವಳಿಗೇ ಗಾಬರಿಯಾಗುವಷ್ಟು ಮೆಲ್ಲಗೆ, ಫಿಲ್ಮ್ ಬಿಚ್ಚೇನಿ. ಹೊರಗಿನ ಹೆಜ್ಜೆ ನಿಂತಿತು. ಬೆವರು ಮೊಣಕೈಗೆ ಇಳಿಯುತ್ತಿದೆ, ಇನ್ನು ಹಟ ಮಾಡಿದರೆ ಕೆಡುತ್ತದೆ, ಸಿಕ್ಕಿಕೊಂಡಷ್ಟನ್ನೂ ಹಿಂದಕ್ಕೆಳೆದು ಸಡಿಲವಾಗಿ ಸುತ್ತಿ, ಬೆಳಕು ಹೊಗದ ಡಬ್ಬಿಯೊಳಗಿಟ್ಟು ಮುಚ್ಚಳ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು, ಬಾಗಿಲು ತೆರೆದರೆ ಹಗಲು ಕಣ್ಣಿಗೆ ಬಡಿಯಿತು. ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು ರೀಲನ್ನು ಅಂಗಳದ ಬಿಸಿಲಿಗೆ ಹಿಡಿದಳು. ಮುಚ್ಚಳಾ ಮುಟ್ಟಬ್ಯಾಡ್ರಿ. ಏನೈತಿ ಇದರಾಗ, ಅಂದ. ಗಂಡ ಹೆಂಡತಿ ಇಬ್ರೂ ಅದಾರ, ಅಂದಳು, ಲುಯಿಸನ ವಿಷಯ ಅವನಿಗೆ ಮೊದಲೇ ಹೇಳಿದ್ದಳು. ಅವನು ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ತೊಳೆಯದ ಕಾಲಲ್ಲೇ, ನೆರಳಿಗೆ ಸರಿದು ನಿಂತ, ಅವಳು ಮತ್ತೆ ಕೇಳುವವರೆಗೂ ಅಲುಗಲಿಲ್ಲ. ಮತ್ತೆ ಬಚ್ಚಲ ಕತ್ತಲಲ್ಲಿ, ಒಣಗಿದ ರೀಲಿಗೆ, ಎರಡನೆಯ ಸಲ ಫಿಲ್ಮು ಸುಮ್ಮನೆ ಒಳಗೆ ಹೋಯಿತು. ನೀರು, ಔಷಧ, ತಿರುವಿ ಹಾಕುವುದು, ಮತ್ತೆ ತಿರುವುವುದು, ಡಬ್ಬಿಯೊಳಗೆ ಆ ಕಪ್ಪು ಏಳುತ್ತಿರಬೇಕು ಈಗ, ಕಾಣದಿದ್ದರೂ ಅಂಗೈಗೆ ಗೊತ್ತಾಗುತ್ತದೆ ಅನಿಸುತ್ತದೆ, ಕಡೆಯ ಔಷಧ, ನೀರು, ನೀರು, ಮುಚ್ಚಳ ತೆಗೆದಳು.

ಇದೆ. ಏನೋ ಇದೆ. ಒದ್ದೆ ಸುರುಳಿಯನ್ನು ಬಿಚ್ಚಿ ಅಂಗಳದ ಬೆಳಕಿಗೆ ಎತ್ತಿದರೆ ಸೂಪಾದ ಮರಗಳು ಬೆಳ್ಳಗೆ ನಿಂತಿವೆ, ಆಕಾಶ ಕಪ್ಪು, ಹಕ್ಕಿಗಳು ಅವಳೆಂದುಕೊಂಡದ್ದಕ್ಕಿಂತ ಸಣ್ಣವು, ಮಂಜು ಬಂದಿದೆ, ನಿಜಕ್ಕೂ ಬಂದಿದೆ, ನಿಲ್ಲದೆ ಕೆಳಗೆ ಕೆಳಗೆ ಸರಿಸಿದಳು, ತುದಿಗೆ. ಕತ್ತರಿ ಚಿತ್ರದೊಳಗೇ ಹಾದಿತ್ತು. ಕಾತರಿನಾಳ ಮುಖ ಇಲ್ಲ, ಹೆಗಲಿಲ್ಲ, ಅವಳು ನಿಂತಿದ್ದ ಜಾಗದಲ್ಲಿ ಕತ್ತರಿಯ ಓರೆ ಅಂಚು, ಅದರಿಂದಾಚೆ ಬಚ್ಚಲ ಕತ್ತಲಲ್ಲಿ ಬಿದ್ದಿರುವ ಚೂರು, ಈಗ ಬೆಳಕಿಗೆ ಸುಟ್ಟುಹೋಗಿರುವ ಚೂರು. ಏನು ಬಂತು ಅಂದ ಮಹಾಬಳೇಶ್ವರ. ಕಾತರಿನಾಗೆ ಹೋಗಿ ಹೇಳಬೇಕು, ಮತ್ತೊಮ್ಮೆ ನಿಲ್ಲುತ್ತೀರಾ ಎಂದು ಕೇಳಬೇಕು, ನಾನೆಲ್ಲಿ ಎಂದು ಕಾತರಿನಾ ಕೇಳುತ್ತಾಳೋ, ಇಲ್ಲ, ನೋಡಿದ ಕೂಡಲೇ ತಿಳಿಯುತ್ತದೋ ಅವಳಿಗೆ — ಯಾಕೆಂದರೆ ಅಂಚಿನ ಈಚೆ ಉಳಿದದ್ದು ಚೂರೂ ಅಲುಗಿಲ್ಲ, ಕಿಟಕಿ ಇದೆ, ಮೊಳೆಗಳೂ ಇವೆ, ಕಪ್ಪು ಬಿಳುಪು ತಿರುಗುಮುರುಗಾಗಿ ಪಕ್ಕೆಲುಬುಗಳೆಲ್ಲ ಕಪ್ಪಗೆ, ಮುರಿದ ಎರಡೂ ಕಪ್ಪಗೆ, ಮತ್ತು ಹೃದಯದ ಜಾಗದಲ್ಲಿ, ತೋಳಿಲ್ಲದೆ, ಬೆರಳು ಅಗಲಿಸಿ, ಬೆಳಕಿನಂಥ ಒಂದು ಕೈ, ಕಪ್ಪು ಎಲುಬುಗಳ ಮೇಲೆ ಒಂದು ಕೈ, ಅದೇ ಕೈ —