ಗದ್ದಲಕ್ಕೆ ಕಿವಿಗೊಟ್ಟ ಸಾಹೇಬರು

ತಿಪ್ಪೇರುದ್ರಸ್ವಾಮಿಗಳು ಯಾವ ಕಟ್ಟಡದೊಳಕ್ಕೂ ನೆಟ್ಟಗೆ ನಡೆದು ಹೋದವರಲ್ಲ. ಮೊದಲು ಗೋಡೆಯ ಮಗ್ಗುಲಿಗೆ ನಿಂತು, ಎಡಗೈಯಲ್ಲಿ ಕೋಟಿನ ಕೆಳಗಿನ ಗುಂಡಿಯನ್ನು ಹಿಡಿದು, ಕತ್ತನ್ನು ಕೊಂಚ ವಾಲಿಸಿ, ಬಲಗಿವಿಯನ್ನು ಕಿಟಕಿಗೆ ಒಪ್ಪಿಸಿ, ಒಳಗಿನ ಸದ್ದನ್ನೆಲ್ಲ ಅಳೆದು ಮುಗಿಸಿದ ಮೇಲೆಯೇ ಅವರು ಹೊಸ್ತಿಲು ದಾಟುವುದು. ಮದುವೆಮನೆಯಾಗಲಿ, ಅಂಚೆಕಚೇರಿಯಾಗಲಿ, ನ್ಯಾಮತಿಯ ಬಸ್‌ಸ್ಟ್ಯಾಂಡಿನ ಪಕ್ಕದ ಖಾನಾವಳಿಯಾಗಲಿ, ಈ ವಿಧಿಗೆ ವಿನಾಯಿತಿ ಇರಲಿಲ್ಲ. ಗುರುತಿಲ್ಲದವರು, ಯಾರೋ ಹೊಂಚು ಹಾಕುತ್ತಿದ್ದಾರೆಂದು ಗದರಿದ್ದೂ ಉಂಟು. ಗುರುತಿದ್ದವರು, ಅದರಲ್ಲೂ ನನ್ನಂಥ ಮೇಷ್ಟ್ರುಗಳು, ಆ ನಿಲುವನ್ನು ದೂರದಿಂದ ಕಂಡರೂ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಜಗಳೂರಿನ ಕಡೆ ಬಹಳ ಕಾಲ ಶಾಲಾ ಇನ್ಸ್‌ಪೆಕ್ಟರರಾಗಿದ್ದ ಅವರಿಗೆ ಆ ಭಂಗಿ ನೌಕರಿಯಿಂದ ಬಂದದ್ದು. ಪಿಂಚಣಿಯ ಜೊತೆಗೆ ಅದೂ ಮನೆಗೆ ಬಂತು.

ಅವರ ಕಣ್ಣಿನಲ್ಲಿ ಒಳ್ಳೆಯ ಶಾಲೆಯೆಂದರೆ ಸದ್ದಿಲ್ಲದ ಶಾಲೆ. ಮಕ್ಕಳು ಎದೆಯ ಮೇಲೆ ಕೈಕಟ್ಟಿ ಕೂತಿರಬೇಕು, ಸಾಹೇಬರು ಬಂದರೆ ಒಮ್ಮೆಲೇ ಎದ್ದು ನಿಲ್ಲಬೇಕು, ಕೂರಿ ಎಂದರೆ ಒಮ್ಮೆಲೇ ಕೂರಬೇಕು. ಬೂದುಬಣ್ಣದ ಆ ಕೋಟು ಬೇಸಿಗೆಯಲ್ಲೂ ಮೈಬಿಡುತ್ತಿರಲಿಲ್ಲ, ಯಾರು ಏನೇ ಹೇಳಲಿ, ಅದು ಮುಗಿಯುವ ಮೊದಲೇ "ಹೂಂ, ಮುಂದೆ?" ಎಂಬ ಅವರ ಮಾತು ಎದುರಿನವನನ್ನು ತಡವರಿಸುವಂತೆ ಮಾಡುತ್ತಿತ್ತು. ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಜಗಳೂರಿನ ಶಾಲೆಯಲ್ಲಿ, ನನ್ನ ಆರನೆಯ ತರಗತಿಯ ಕಿಟಕಿಯ ಕೆಳಗೆ ಅವರು ಹೀಗೆ ನಿಂತದ್ದು ನನಗೆ ತಿಳಿಯಲಿಲ್ಲ. ಒಳಗೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸಾಹೇಬರು ಒಳಗೆ ಬಂದರು, ನಗು ನಿಂತಿತು, ಏಕೆ ಏನು ಎಂದು ಕೇಳದೆ ಹೆಡ್‌ಮಾಸ್ತರರೆದುರು ಒಂದೇ ಮಾತು ಹೇಳಿದರು: "ಇವರ ಕ್ಲಾಸಿನಾಗೆ ಶಿಸ್ತಿಲ್ಲ." ಆ ಮಾತಿನ ಸಿಟ್ಟನ್ನು ನಾನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ವಿಧಿಯ ತಮಾಷೆ ನೋಡಿ, ನನಗೆ ನ್ಯಾಮತಿಗೆ ವರ್ಗವಾದಾಗ ಬಾಡಿಗೆಗೆ ಸಿಕ್ಕಿದ್ದು ಸಾಹೇಬರ ಪಕ್ಕದ ಮನೆ. ನಿವೃತ್ತರಾಗಿ ಹೆಂಡತಿ ಸಿದ್ದಲಿಂಗಮ್ಮನವರ ಊರಿನಲ್ಲಿ ನೆಲೆನಿಂತಿದ್ದ ಅವರು ನನ್ನನ್ನು ಗುರುತಿಸಿದರೋ ಇಲ್ಲವೋ, ಹೇಳಲಿಲ್ಲ. ಆದರೆ ನಿಶ್ಶಬ್ದದ ಆ ಆರಾಧಕರ ಮನೆಯಲ್ಲಿ ಬೆಳಗಾದಾಗಿನಿಂದ ಮಲಗುವ ತನಕ ಒಂದು ಬಾಯಿ ನಿಲ್ಲದೆ ನಡೆಯುವುದನ್ನು ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಅದು ಅವರ ಅಕ್ಕ ಶಂಕ್ರಮ್ಮನದು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಜಗಳೂರಿನ ಹತ್ತಿರದ ಸೊಕ್ಕೆ ಎಂಬ ಊರಿನ ತವರಿಗೆ ಮರಳಿದ ಆಕೆ, ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಶೇಂಗಾ ಹೊಲದಲ್ಲಿ ದುಡಿದು ಓದಿಸಿದ್ದರು. ಈಗ ಅರಳುಮರಳು ಕವಿದು ಎಂದೋ ಸತ್ತ ಎತ್ತುಗಳನ್ನು ಹೆಸರು ಹಿಡಿದು ಬೈಯುತ್ತಿದ್ದರು, ಮೋಡವಿಲ್ಲದ ದಿನ ಒಣಹಾಕಿದ ಕಾಳನ್ನು ಒಳಗೆ ತರಲು ಕೂಗುತ್ತಿದ್ದರು. ಎಲ್ಲರ ಹೆಸರೂ ಕಲಸಿಹೋಗಿತ್ತು. ಎದುರಿಗಿದ್ದ ನರೆಗೂದಲಿನ ಮನುಷ್ಯ ತಮ್ಮನೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ; "ಈ ಮನಿ ಯಜಮಾನ್ರು ಒಳ್ಳೇರು, ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರೆ" ಎಂದು ನನ್ನ ಹೆಂಡತಿಯ ಹತ್ತಿರ ಮೆಚ್ಚಿ ಹೇಳಿದ್ದರು.

ಅಲ್ಲಿಯವರೆಗೆ ಹೇಗೋ ನಡೆಯಿತು. ಆಮೇಲೆ ಸಿದ್ದಲಿಂಗಮ್ಮನವರಿಗೆ ಉಬ್ಬಸ ಹೆಚ್ಚಿ ಅಕ್ಕನ ಹಿಂದೆ ಓಡಾಡುವುದೂ ಆಗದಾಯಿತು. ಒಂದು ದಿನ ಶಂಕ್ರಮ್ಮ ಶಿವಮೊಗ್ಗದ ಬಸ್ಸು ಹತ್ತಿಬಿಟ್ಟರು. ಇನ್ನೊಂದು ದಿನ ಮಲಗುವ ಕೋಣೆಯಲ್ಲಿ ಚಾಪೆಯ ಮೇಲೆ ಒಲೆ ಹೊತ್ತಿಸಲು ಹೊರಟರು. ಸಾಕಿದವಳನ್ನು ಹೊರಗೆ ಬಿಡಬೇಕೆಂಬ ಯೋಚನೆಯಲ್ಲೇ ಸಾಹೇಬರು ಅರ್ಧ ಇಳಿದುಹೋದರು. ಬಿಡುವುದಾದರೆ ಎಲ್ಲಿ ಬಿಡುವುದು? ಇಂಥವರನ್ನು ನೋಡಿಕೊಳ್ಳುವ ಮನೆಗಳು ನಮ್ಮ ಕಡೆ ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ. "ನನ್ನ ಜನ್ಮವೆಲ್ಲಾ ತಪಾಸಣೆ ಮಾಡಾಕೆ ಹೋತು ಮೇಷ್ಟ್ರೇ. ಇದೊಂದನ್ನ ತಪ್ಪಿಲ್ದಂಗೆ ಮಾಡ್ಬೇಕು" ಎಂದರು.

ಚನ್ನಗಿರಿಯ ಆಚೆ ಉಬ್ರಾಣಿಯ ಕಡೆಯ ರಸ್ತೆಯಲ್ಲಿ ಒಂದು ಮಂದಿರವಿತ್ತು. ಹೆಸರು ಬೇಡ, ಹೆಸರಿನಲ್ಲಿ ಶಾಂತಿ ಎಂಬ ಪದವಿತ್ತೆಂದರೆ ಸಾಕು. ಸಾಹೇಬರು ಪದ್ಧತಿಯಂತೆ ಗೋಡೆಯ ಹೊರಗೆ ನಿಂತು ಕೇಳಿದರು. ಒಳಗೆ ಒಂದು ಸದ್ದಿಲ್ಲ. ಸುಣ್ಣ ಬಳಿದ ಗೋಡೆ, ಸಾಲಾಗಿ ಹಾಕಿದ ಮಂಚ, ಮಡಿಕೆ ಮುರಿಯದ ಹಾಸಿಗೆ, ಅವುಗಳ ಮೇಲೆ ಬಾಚಿದ ತಲೆಯ ಮುದುಕ ಮುದುಕಿಯರು. ನಡೆಸುತ್ತಿದ್ದ ಓಂಕಾರಪ್ಪ ಹಿಂದೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಗಡಿಯಾರದಂಥ ಮನುಷ್ಯ. ಸಾಹೇಬರು ನೀರು ಕುಡಿದು ನೋಡಿದರು, ಹೊದಿಕೆ ಮೂಸಿ ನೋಡಿದರು, ಬಚ್ಚಲಿಗೆ ಇಣುಕಿದರು, ಒಂದು ಕೊರತೆಯೂ ಸಿಗಲಿಲ್ಲ. ಆ ರಾತ್ರಿ ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಉಂಡರಂತೆ. ಮರುವಾರವೇ ಅಕ್ಕನನ್ನು ಅಲ್ಲಿಗೆ ಸೇರಿಸಿ ಬಂದರು.

ಕೆಲವು ವಾರ ಕಳೆದು ನೋಡಲು ಹೊರಟಾಗ ನನ್ನನ್ನೂ ಕರೆದರು. ಅಕ್ಕನಿಗೆ ಇಷ್ಟವೆಂದು ಶೇಂಗಾ ಉಂಡೆಯ ಡಬ್ಬಿ ಅವರ ಕೈಯಲ್ಲಿತ್ತು. ಶಂಕ್ರಮ್ಮ ಮಂಚದ ಮೇಲೆ ಕೂತಿದ್ದರು, ಒಗೆದ ಬಿಳಿ ಸೀರೆ, ಬಿಗಿಯಾಗಿ ಕಟ್ಟಿದ ತುರುಬು. ನಾವು ಬಾಗಿಲಿಗೆ ಬಂದದ್ದೇ ತಡ, ಆಕೆ ಮಂಚದಿಂದ ಇಳಿದು ನಿಂತರು. ಎದೆಯ ಮೇಲೆ ಎರಡೂ ಕೈ ಕಟ್ಟಿ, ತಲೆ ತಗ್ಗಿಸಿ, ಕೋಟಿನ ಗುಂಡಿಗಳನ್ನು ನೋಡುತ್ತ ಹೇಳಿದರು:

"ನಾನೇನೂ ಮಾತಾಡಿಲ್ರೀ ಸಾಹೇಬ್ರೆ."

ಓಂಕಾರಪ್ಪನವರ ಮುಖ ಹೆಮ್ಮೆಯಿಂದ ಅರಳಿತು. "ನೋಡ್ರಿ ಸಾರ್, ಎಷ್ಟು ಸುಧಾರಿಸ್ಯಾರೆ! ಬಂದಾಗ ಒಂದೇ ಸಮ ವಟವಟ ಅಂತಿದ್ರು. ಗದ್ದಲ ಮಾಡಿದ್ರೆ ಊಟ ತಡ ಆಗ್ತೈತೆ ಅಂದ್ವಿ, ಎಂಟು ದಿನದಾಗೆ ಸರಿಹೋತು."

"ಹೂಂ, ಮುಂದೆ?" ಎಂದರು ಸಾಹೇಬರು, ಬರೀ ಅಭ್ಯಾಸಬಲದಿಂದ. ಆದರೆ ಮುಂದಿನದನ್ನು ಕೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಕೋಟನ್ನು ಬಿಚ್ಚಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅಕ್ಕನ ಮುಂದೆ ನಿಂತು ಕಟ್ಟಿದ ಆ ಕೈಗಳನ್ನು ಮೆಲ್ಲಗೆ ಬಿಡಿಸಹೊರಟರು. "ಅಕ್ಕಾ, ಕೈ ಬಿಡವ್ವಾ. ನಾನು ರುದ್ರ." ಆಕೆ ನಂಬಲಿಲ್ಲ. ಒಂದು ಕೈ ಬಿಡಿಸಿದರೆ ಇನ್ನೊಂದು ಮತ್ತೆ ಎದೆಗೇರುತ್ತಿತ್ತು.

ಅದೇ ದಿನ ಅಕ್ಕನನ್ನು ಕರೆದುಕೊಂಡು ಹೊರಟೆವು. ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಶಂಕ್ರಮ್ಮ ಕೈಕಟ್ಟಿಕೊಂಡೇ ಕೂತಿದ್ದರು. ಉಂಡೆ ಕೊಟ್ಟರೆ ತಿನ್ನಲು ಅಪ್ಪಣೆ ಕೇಳುವವರಂತೆ ನೋಡುತ್ತಿದ್ದರು. ಬಹಳ ದೂರ ಸಾಗಿದ ಮೇಲೆ ಬಸ್ಸು ಗುಂಡಿಗೆ ಇಳಿದು ಹಾರಿತು, ಉಂಡೆ ಕೈಜಾರಿ ಉರುಳಿಹೋಯಿತು. "ಲೇ ಕಂಡಕ್ಟ್ರಾ, ನಿನ್ನ ಡ್ರೈವರ್‌ಗೆ ಕಣ್ಣು ಅದಾವೇನೋ ಇಲ್ಲೇನೋ! ಮುದುಕಿ ಕೈಯಾಗಿನ ಉಂಡಿ ಬೀಳಿಸ್ತೀರಾ ನಿಮ್ಮ ಮುಖಕ್ಕೆ!" ಶಂಕ್ರಮ್ಮನ ಈ ಕೂಗಿಗೆ ಇಡೀ ಬಸ್ಸು ಹಿಂತಿರುಗಿ ನೋಡಿತು. ಸಾಹೇಬರು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಅತ್ತರು. ನನ್ನ ಹಳೆಯ ಸಿಟ್ಟು ಆಗಲೇ ಎಲ್ಲಿ ಹೋಯಿತೋ, ನನಗೂ ಕಣ್ಣು ತುಂಬಿತ್ತು. ಸಾಹೇಬರು ಹೊರಗೆ ನೋಡುತ್ತಲೇ ಅಂದರು, "ಈ ಕೋಟು ಹಾಕ್ಕೊಂಡು ಎಷ್ಟು ಮಕ್ಕಳ ಕೈ ಕಟ್ಟಿಸಿದೆನೋ ಮೇಷ್ಟ್ರೇ. ನಾನು ಅದಕ್ಕೆ ಶಿಸ್ತು ಅಂತಿದ್ದೆ."

ಆ ಕೋಟು ಅಂದು ಗೂಟಕ್ಕೇರಿದ್ದು ಮತ್ತೆ ಇಳಿಯಲಿಲ್ಲ. ಹುಡುಕಾಟ ಮಾತ್ರ ಮತ್ತೆ ಶುರುವಾಯಿತು, ಅದೇ ಗೋಡೆಯ ಮಗ್ಗುಲು, ಅದೇ ವಾಲಿದ ಕತ್ತು. ಎಡಗೈ ಮಾತ್ರ ಇಲ್ಲದ ಗುಂಡಿಯನ್ನು ತಡಕಾಡಿ ಸುಮ್ಮನಾಗುತ್ತಿತ್ತು. ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಹೋಗುವ ಓಣಿಯಲ್ಲಿ ಹೊನ್ನೂರಮ್ಮ ಎಂಬಾಕೆ, ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು, ತನ್ನ ಹೆಂಚಿನ ಮನೆಯಲ್ಲಿ ಮರೆವಿನ ಮುದುಕ ಮುದುಕಿಯರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾಳೆಂದು ಯಾರೋ ಹೇಳಿದರು. ನಾವು ಹೋಗಿ ಗೋಡೆಯ ಹೊರಗೆ ನಿಂತೆವು. ಒಳಗೆ ಇಬ್ಬರು ಮುದುಕಿಯರು ಒಂದು ತಂಬಿಗೆಗಾಗಿ ಜಗಳವಾಡುತ್ತಿದ್ದರು, ಯಾರೋ ಸೋಬಾನೆ ಪದದ ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುತ್ತಿದ್ದರು, ಪಾತ್ರೆ ಬಿತ್ತು, ಯಾರೋ ನಕ್ಕರು, ಒಬ್ಬ ಮುದುಕ ಇಲ್ಲದ ನಾಯಿಯನ್ನು ಹಚಾ ಹಚಾ ಎಂದು ಓಡಿಸುತ್ತಿದ್ದ. ಸಾಹೇಬರು ಕಣ್ಣುಮುಚ್ಚಿ, ಸಂಗೀತ ಬಲ್ಲವರು ಕಛೇರಿ ಕೇಳುವಂತೆ, ಅದನ್ನು ಪೂರ್ತಿ ಕೇಳಿದರು.

ಒಳಗೆ ಹೋದರೆ ಯಾರೂ ಎದ್ದು ನಿಲ್ಲಲಿಲ್ಲ. ಹೊನ್ನೂರಮ್ಮನೂ ಏಳಲಿಲ್ಲ, ಒಬ್ಬ ಅಜ್ಜಿಯ ಕಾಲನ್ನು ಬೋಗುಣಿಯಲ್ಲಿಟ್ಟು ತೊಳೆಯುತ್ತಿದ್ದಳು. "ಒಂದೀಟು ಕುಂದುರ್ರಿ. ಈ ಕಾಲು ಬಿಟ್ರೆ ಮತ್ತೆ ಕೊಡಲ್ಲ ಈಯಮ್ಮ" ಎಂದಳು.

ಕೊರತೆಗಳು ಬೇಕಾದಷ್ಟಿದ್ದವು, ಸಾಹೇಬರು ಒಂದನ್ನೂ ಬಿಡಲಿಲ್ಲ. ನೆಲ ಏರುಪೇರಾಗಿತ್ತು, ಬಚ್ಚಲು ಜಾರುತ್ತಿತ್ತು, ಇಬ್ಬರ ತಲೆ ಎಣ್ಣೆ ಕಂಡಿರಲಿಲ್ಲ, ಸಿಟ್ಟು ಬಂದರೆ ಹೊನ್ನೂರಮ್ಮನೂ ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಹೊಳಿ ಇಷ್ಟು ಹತ್ರ ಐತೆ, ಗೇಟಿಗೆ ಬೀಗ ಇಲ್ವಲ್ಲಮ್ಮಾ" ಎಂದರು.

"ಬೀಗ ಹಾಕಿದ್ರೆ ಅದನ್ನೇ ಅಲ್ಲಾಡಿಸ್ಕೊಂಡು ಅಳ್ತಾ ಕುಂದ್ರುತಾರ್ರೀ. ಅದ್ಕೇ ಎಮ್ಮಿ ಗಂಟಿ ಕಟ್ಟೀನಿ. ಸದ್ದಾದ್ರೆ ನಾನೋ ನನ್ನ ತಂಗಿನೋ ಓಡ್ತೀವಿ."

"ಅವ್ರು ಒಂದೇ ಮಾತು ನೂರು ಸಲ ಕೇಳಿದ್ರೆ?"

"ನೂರು ಸಲ ಹೇಳ್ತೀನ್ರಿ. ಕೆಲವು ಸಲ ಬೈದೂ ಹೇಳ್ತೀನಿ. ಸುಳ್ಳು ಯಾಕೆ ಹೇಳ್ಲಿ?"

ಆ ಕೊನೆಯ ಮಾತಿಗೆ ಸಾಹೇಬರು "ಮುಂದೆ?" ಎನ್ನಲಿಲ್ಲ. ಆದರೂ ಒಮ್ಮೆ ಸುಟ್ಟುಕೊಂಡವರು, ಹೇಳದೆ ಕೇಳದೆ ಇನ್ನೆರಡು ಸಲ ಹೋದರು, ಒಮ್ಮೆ ಊಟದ ಹೊತ್ತಿಗೆ, ಇನ್ನೊಮ್ಮೆ ಮಳೆ ಹಿಡಿದ ದಿನ. ಎರಡು ಸಲವೂ ಗೋಡೆಯಾಚೆಗೆ ಅದೇ ಗದ್ದಲ. ಆಮೇಲೆ ಗಾರೆಯವನನ್ನು ಕರೆತಂದು ಬಚ್ಚಲು ಸರಿಮಾಡಿಸಿದರು, ಹಿಡಿದುಕೊಳ್ಳಲು ಬಿದಿರಿನ ಗಳುವನ್ನು ತಾವೇ ನಿಂತು ಕಟ್ಟಿಸಿದರು. ಸಿದ್ದಲಿಂಗಮ್ಮನವರ ಕಡೆಯವರೊಬ್ಬರು, ಅಲ್ಲಿ ಅಡಿಗೆ ಮಾಡುವವರು ಯಾವ ಪೈಕಿ ಎಂದು ರಾಗ ತೆಗೆದರು. "ಅಕ್ಕ ಉಣ್ತಾಳಾ ಇಲ್ವಾ, ಅಷ್ಟು ಕೇಳ್ರಿ" ಎಂದು ಸಾಹೇಬರು ಬಾಯಿ ಮುಚ್ಚಿಸಿದರು.

ಶಂಕ್ರಮ್ಮ ಅಲ್ಲಿಗೆ ಹೋದ ಮೊದಲ ಕೆಲವು ದಿನ ಕೈಕಟ್ಟಿಯೇ ಕೂತಿದ್ದರಂತೆ. ಒಂದು ಬೆಳಿಗ್ಗೆ ಪಕ್ಕದ ಅಜ್ಜಿ ಅವರ ರೊಟ್ಟಿಯನ್ನು ಎಳೆದುಕೊಂಡಳು, ಅದನ್ನು ಕಿತ್ತುಕೊಳ್ಳಲು ಕೈ ಬಿಚ್ಚಲೇಬೇಕಾಯಿತು, ಆಮೇಲೆ ಕಟ್ಟಲಿಲ್ಲ. ಭಾನುವಾರ ನಾವು ಹೋದಾಗ ಹೊರಗಿನಿಂದಲೇ ಆ ದನಿ ಕೇಳಿಸಿತು. ಸಾಹೇಬರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಕೇಳ್ರಿ, ಬೈತಾ ಅದಾಳೆ! ಹೆಂಗೆ ಬೈತಾ ಅದಾಳೆ ಕೇಳ್ರಿ!" ಎಂದು ಮಗುವಿನಂತೆ ಸಂಭ್ರಮಿಸಿದರು. ಒಳಗೆ ಶಂಕ್ರಮ್ಮ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಯಾವೂರು, ಯಾರ ಪೈಕಿ ಎಂದೆಲ್ಲ ವಿಚಾರಿಸಿದರು. ಸಾಹೇಬರು ಸೊಕ್ಕೆ ಎಂದರು.

"ಸೊಕ್ಕೇನಾ? ಹಂಗಾರೆ ನನ್ನ ತಮ್ಮ ರುದ್ರನ್ನ ನೋಡಿರ್ತೀರಿ. ಯಪ್ಪಾ, ಏನು ಗಲಾಟಿ ಹುಡುಗ ಅಂತೀರಿ! ಸಾಲ್ಯಾಗೆ ಮೇಷ್ಟ್ರು ದಿನಾ ಹೊರಗೆ ನಿಲ್ಲಿಸ್ತಾರೆ. ಗೋಡಿಗೆ ಕಿವಿ ಕೊಟ್ಕೊಂಡು ಒಳಗಿನ ಪಾಠ ಕೇಳ್ತಾ ನಿಂತಿರ್ತಾನೆ, ಪಾಪ!"

ನಾನು ಸಾಹೇಬರ ಮುಖ ನೋಡಿದೆ, ಅವರು ನೆಲ ನೋಡಿದರು. ನೌಕರಿಯಿಂದ ಬಂದದ್ದೆಂದು ನಾವೆಲ್ಲ ತಿಳಿದಿದ್ದ ಆ ಭಂಗಿಯ ಮೂಲ ಅಲ್ಲಿತ್ತು. "ಆ ಮೇಷ್ಟ್ರು ಒಳ್ಳೇರಲ್ಲ ಬಿಡ್ರಿ" ಎಂದು ಶಂಕ್ರಮ್ಮ ತೀರ್ಪು ಕೊಟ್ಟು ಊಟಕ್ಕೆ ಎಬ್ಬಿಸಿದರು. ತಮ್ಮನಿಗೆ ಇನ್ನೊಂದು ರೊಟ್ಟಿಯನ್ನು ಒತ್ತಾಯ ಮಾಡಿ ಹಾಕಿದರು, ಪರರ ಮನೆಯ ಅತಿಥಿಯೆಂದು.

ಹಿಂತಿರುಗುವ ಬಸ್ಸಿನಲ್ಲಿ ಸಾಹೇಬರು ತಟ್ಟನೆ ಕೇಳಿದರು, "ಮೇಷ್ಟ್ರೇ, ಅವತ್ತು ಜಗಳೂರಿನಾಗೆ ನಿಮ್ಮ ಕ್ಲಾಸಿನ ಮಕ್ಕಳು ಯಾಕೆ ನಗ್ತಿದ್ರು?"

ಅವರಿಗೆ ನೆನಪಿತ್ತು, ಹಾಗಾದರೆ! ಹೇಳಿದೆ. ಒಂದು ಕೋಳಿ ತರಗತಿಗೆ ನುಗ್ಗಿ ನನ್ನ ಮೇಜಿನ ಕೆಳಗೆ ಮೊಟ್ಟೆ ಇಟ್ಟಿತ್ತು. ಪಾಠ ಷಷ್ಠೀ ವಿಭಕ್ತಿಯದು. ಮೊಟ್ಟೆ ಯಾರದು, ಪ್ರತ್ಯಯ ಹಚ್ಚಿ ಹೇಳಿ ಎಂದೆ. ಕೋಳಿಯ ಮೊಟ್ಟೆ ಎಂದ ಒಬ್ಬ, ಶಾಲೆಯ ಮೊಟ್ಟೆ ಎಂದ ಇನ್ನೊಬ್ಬ, ಹಿಂದಿನ ಸಾಲಿನ ಪುಟ್ಟ ಹುಡುಗಿ ಎದ್ದು ನಿಂತು ಗಂಭೀರವಾಗಿ ಮೇಷ್ಟ್ರ ಮೊಟ್ಟೆ ಎಂದಳು.

ಸಾಹೇಬರು ನಕ್ಕರು. ಹತ್ತು ವರ್ಷ ತಡವಾಗಿ ಆ ತರಗತಿಯ ನಗೆಗೆ ಸೇರಿಕೊಂಡು, ಕೆಮ್ಮು ಬರುವಷ್ಟು ನಕ್ಕು, ಕಣ್ಣೊರೆಸಿಕೊಂಡು ಕೇಳಿದರು: "ಹೂಂ, ಮುಂದೆ?"

ಅಳೆಯುವುದನ್ನೇ ಬದುಕಾಗಿ ಮಾಡಿಕೊಂಡವರ ವರ್ಗವೊಂದು ಎಲ್ಲ ಊರುಗಳಲ್ಲೂ ಇರುತ್ತದೆ. ಲೋಕವನ್ನು ತಿದ್ದುವ ಉತ್ಸಾಹದಲ್ಲಿ ಅವರು ತಮ್ಮ ಅಳತೆಗೋಲನ್ನು ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರುವುದಿಲ್ಲ. ನೋಡುವ ಧೈರ್ಯ ಅವರಲ್ಲಿ ಕೆಲವರಿಗೆ ಮಾತ್ರ ಬರುತ್ತದೆ, ಅದೂ ಆ ಕೋಲಿನ ಬಾಸುಂಡೆ ತಮ್ಮವರ ಮೈಮೇಲೆ ಕಂಡ ದಿನ. ಆಗ ಕೋಲನ್ನು ಕೆಳಗಿಟ್ಟು ಹೊಸದಾಗಿ ಕಲಿಯಲು ಕೂರುವವರು ಇನ್ನೂ ವಿರಳ. ತಿಪ್ಪೇರುದ್ರಸ್ವಾಮಿಗಳು ಈಗಲೂ ಯಾವ ಮನೆಗೆ ಹೋದರೂ ಗೋಡೆಯ ಮಗ್ಗುಲಲ್ಲಿ ನಿಲ್ಲುತ್ತಾರೆ. ಒಳಗೆ ಗದ್ದಲವಿದ್ದರೆ ಅವಸರವಿಲ್ಲ, ತಲೆದೂಗುತ್ತ ಕೇಳುತ್ತಾರೆ. ಸದ್ದೇ ಇಲ್ಲದಿದ್ದರೆ ಮಾತ್ರ ಒಂದು ಕ್ಷಣವೂ ನಿಲ್ಲದೆ ಒಳಗೆ ನುಗ್ಗಿಬಿಡುತ್ತಾರೆ.