ಎಡಬಾಗಿಲ ಹ್ಯಾಂಡಲ್

"ಇನ್ನೊಂದು ಸಲ, ಎಲ್ಲಾರೂ ಒಟ್ಟಿಗೆ!" ಎಂದು ಗ್ಯಾರೇಜಿನ ಟಿಂಕರ್ ಕೂಗಿದ. ಆರು ಜನ ಹೆಗಲು ಕೊಟ್ಟರೂ ಕಾರು ಅಲುಗಲಿಲ್ಲ. ಮನೆಗೂ ಗೇಟಿಗೂ ನಡುವಿನ ಇಕ್ಕಟ್ಟಿನಲ್ಲಿ ಅದು ಒಂಬತ್ತು ವರ್ಷದಿಂದ ನಿಂತಿತ್ತು. ಎಂಜಿನ್ ಇನ್ನೂ ಬೆಂಚಿನ ಮೇಲಿತ್ತು. ಕಾರನ್ನು ಸರಿಸದೆ ಅಕ್ಕನನ್ನು ಹೊರಗೆ ತರುವ ಹಾಗಿರಲಿಲ್ಲ.

ಅವಳ ತಮ್ಮನೇ ಕಾರಿನ ಅಡಿಗೆ ನುಸುಳಿದ. ಹಿಂದಿನ ಗಾಲಿಯ ಬ್ರೇಕು ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ನಾಲ್ಕೇಟು ಹಾಕಿ ಬಿಡಿಸಿ ಹೊರಬಂದಾಗ ಇಸ್ತ್ರಿ ಮಾಡಿದ ಅಂಗಿಯ ಬೆನ್ನೆಲ್ಲ ಗ್ರೀಸು.

"ಬೇರೆ ಅಂಗಿ ಹಾಕ್ಕೊಳ್ಳಿ, ಜನ ಬರ್ತಿದಾರೆ," ಎಂದಳು ಅವನ ಹೆಂಡತಿ.

"ಬಿಡು. ಅಕ್ಕ ನನ್ನ ಇನ್ಯಾವ ವೇಷದಲ್ಲಿ ನೋಡಿದ್ಲು?"

ಕಾರು ನರಳುತ್ತ ಬೀದಿಗಿಳಿಯಿತು. ಗೇಟಿನ ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಮುದುಕನೊಬ್ಬ ಅದನ್ನೇ ನೋಡುತ್ತಿದ್ದ.

"ಇದೇನಾ ಆ ಗಾಡಿ?"

"ತಾವು ಯಾರು?" ಎಂದ ತಮ್ಮ.

"ಗುಜರಿ ಅಂಗಡಿಯವನು. ಬೆಳಿಗ್ಗೆ ಅಕ್ಕಂಗೆ ಫೋನ್ ಮಾಡಿದ್ದೆ. ನಿಮ್ಮ ಮನೆಯವ್ರು ಎತ್ತಿ, ರಾತ್ರಿ ಮಲಗಿದೋರು ಏಳಲೇ ಇಲ್ಲ ಅಂದ್ರು. ಬಸ್ ಹತ್ತಿ ಬಂದ್ಬಿಟ್ಟೆ. ಹದಿನಾಲ್ಕು ವರ್ಷದ ಪರಿಚಯ. ಒಂದ್ಸಲಾನೂ ಮುಖ ನೋಡಿಲ್ಲ."

ಒಳಗೆ ಹೋಗಿ ಅಕ್ಕನ ಕಾಲ ಬಳಿ ಬಹಳ ಹೊತ್ತು ನಿಂತು ಬಂದ.

"ಇಷ್ಟು ಸಣ್ಣ ಆಳಾ?" ಎಂದ. "ದನಿ ಕೇಳಿ, ಬಾಗಿಲಿಗೆ ತಲೆ ತಾಗೋವಷ್ಟು ಎತ್ತರ ಇರ್ಬೇಕು ಅಂದ್ಕೊಂಡಿದ್ದೆ."

"ನಮ್ಮನ್ನೂ ಆ ದನೀಲೇ ಗಡಗಡ ನಡುಗಿಸ್ತಿದ್ರು," ಎಂದ ಟಿಂಕರ್, ಕಣ್ಣೊರೆಸಿಕೊಳ್ಳುತ್ತ.

* * *

ಅಕ್ಕ ಮದುವೆಯಾಗಲಿಲ್ಲ. ಬಸ್ ಡಿಪೋದ ಉಗ್ರಾಣದಲ್ಲಿ ಮೂವತ್ತು ವರ್ಷ ಬಿಡಿಭಾಗ ಎಣಿಸಿ, ನಿವೃತ್ತಳಾಗಿ ತಮ್ಮನ ಮನೆಗೆ ಬಂದಳು. ತಮ್ಮನದು ಹಳೆಯ ಕಾರುಗಳಿಗೆ ಮರುಜೀವ ಕೊಡುವ ಕೆಲಸ. ಅವನ ಕೈ ಬೆಣ್ಣೆ, ಬಾಯಿ ಉಪ್ಪುಕಾಗದ. ಅಕ್ಕ ಬರುವಷ್ಟರಲ್ಲಿ ಅವನು ಜಗಳವಾಡದ ಗುಜರಿ ಅಂಗಡಿ ಉಳಿದಿರಲಿಲ್ಲ. ಅವನ ಫೋನನ್ನು ಯಾರೂ ಎತ್ತುತ್ತಿರಲಿಲ್ಲ.

ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಅಕ್ಕ ಫೋನು ಹಿಡಿದಳು. ಮೊದಲು ಅಂಗಡಿಯವರ ಮೊಣಕಾಲು ನೋವು, ಮಗಳ ಪರೀಕ್ಷೆ; ಸಾಮಾನಿನ ಮಾತು ಆಮೇಲೆ. "ಇಲ್ಲ" ಎಂದವರಿಗೆ ಅವಳ ಉತ್ತರ ಒಂದೇ: "ಇದೆ ಕಣ್ರೀ. ಎಲ್ಲಿಟ್ಟಿದೀರಿ ಅನ್ನೋದು ಮರ್ತಿದೀರಿ ಅಷ್ಟೆ. ನಿಧಾನಕ್ಕೆ ಹುಡುಕಿ, ನಾನು ನಾಳೆ ಮಾಡ್ತೀನಿ." ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆದರು.

ಗೇಟಿನ ಬಳಿಯ ಆ ಕಾರಿಗೆ ಎಡಬಾಗಿಲ ಹ್ಯಾಂಡಲ್ ಒಂದು ಸಿಕ್ಕಿರಲಿಲ್ಲ. ತಯಾರಿಸಿದ ಕಂಪನಿ ಮುಚ್ಚಿ ನಲವತ್ತು ವರ್ಷ. ಅಕ್ಕ ಎರಡು ವರ್ಷ ಬೆನ್ನುಬಿಡದೆ ಹುಡುಕಿದಳು. ಕೊನೆಗೊಂದು ಪಾರ್ಸೆಲ್ ಬಂತು. ಆಸೆಯಿಂದ ಬಿಚ್ಚಿದ ತಮ್ಮ, ಬಾಗಿಲಿಗೆ ಹಿಡಿದು ನೋಡಿದ. ಬಲಗಡೆಯದು.

"ಎಡ ಯಾವ್ದು ಬಲ ಯಾವ್ದು ಅನ್ನೋದೂ ಗೊತ್ತಾಗಲ್ವಾ?" ಗಿರಾಕಿಗಳು ನಿಂತಿದ್ದಾರೆಂಬುದನ್ನೂ ನೋಡದೆ ಕೂಗಾಡಿದ. "ವಯಸ್ಸಾಯ್ತು ನಿಂಗೆ. ಆ ಫೋನ್ ಅತ್ಲಾಗಿಟ್ಟು ಸುಮ್ನೆ ಕೂತ್ಕೊ."

ಅಕ್ಕ ಹ್ಯಾಂಡಲನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. "ನಂದೇ ತಪ್ಪು ಕಣೋ," ಎಂದಳು.

ಮರುದಿನದಿಂದ ಅವಳು ಯಾರಿಗೂ ಫೋನ್ ಮಾಡಲಿಲ್ಲ. ಅದೇ ಕುರ್ಚಿಯಲ್ಲಿ ಕೂತು ಹಳೆಯ ನಟ್ಟುಗಳನ್ನು ಅಳತೆ ನೋಡಿ ಡಬ್ಬಿಗೆ ಹಾಕುತ್ತಿದ್ದಳು. ಏನಾದರೂ ಹೇಳಬೇಕೆಂದು ತಮ್ಮನಿಗೂ ಅನ್ನಿಸುತ್ತಿತ್ತು. ಇವತ್ತು, ನಾಳೆ ಎನ್ನುತ್ತ ನಾಲ್ಕು ತಿಂಗಳು ಕಳೆದವು.

* * *

ಸ್ಮಶಾನದಿಂದ ಮರಳುವಾಗ ಮಧ್ಯಾಹ್ನ ದಾಟಿತ್ತು. ಎಲ್ಲರೂ ಊಟಕ್ಕೆ ಕೂತರು. ಗುಜರಿಯ ಮುದುಕ ಮಾತ್ರ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಿದ್ದ.

"ಎದ್ದು ಎರಡು ತುತ್ತು ತಿನ್ನಿ," ಎಂದ ತಮ್ಮ.

"ಒಂದು ಮಾತಿದೆ. ಹೇಳದೆ ತಿಂದ್ರೆ ಇಳಿಯಲ್ಲ." ಮುದುಕ ತಲೆ ಎತ್ತಲಿಲ್ಲ. "ಆ ಹ್ಯಾಂಡಲ್ ಕಳ್ಸಿದ್ದು ನಾನು. ಅಕ್ಕ ಕೇಳಿದ್ದು ಎಡಗಡೇದೇ. ಒಂದಲ್ಲ, ಮೂರು ಸಲ ಬಿಡಿಸಿ ಹೇಳಿದ್ರು. ನಾನೇ ಗಡಿಬಿಡೀಲಿ ನೋಡದೆ ಕಟ್ಟಿಬಿಟ್ಟೆ."

ತಮ್ಮ ಅವನ ಪಕ್ಕದಲ್ಲೇ ಕೂತ.

"ಮತ್ತೆ ಅವಳು ತನ್ನದೇ ತಪ್ಪು ಅಂದ್ಲಲ್ಲ?"

"ಅವತ್ತು ರಾತ್ರೀನೇ ಅಕ್ಕ ಫೋನ್ ಮಾಡಿದ್ರು. ನಾನೇ ಬಂದು ಹೇಳ್ತೀನಿ ಅಂದೆ. ಬೇಡ ಅಂದ್ರು. 'ಗೊತ್ತಾದ್ರೆ ನಿಮ್ಮ ಜೊತೇನೂ ಜಗಳ ಆಡ್ತಾನೆ. ಆಮೇಲೆ ಅವನಿಗೆ ಸಾಮಾನು ಕೊಡೋರ್ಯಾರು? ನನ್ನ ಬೈದ್ರೆ ಏನಾಯ್ತು, ನಾನು ಮನೆಯವಳು' ಅಂದ್ರು."

ಒಳಗೆ ಯಾರೋ ಪಾತ್ರೆ ಬೀಳಿಸಿದರು. ತಮ್ಮನು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಬೆಳಗಿನಿಂದ ಅಳದಿದ್ದವನು ಈಗ ಸದ್ದಿಲ್ಲದೆ, ಬೆನ್ನು ಕುಲುಕುವಂತೆ ಅತ್ತ.

ಊಟವಾಗುವಷ್ಟರಲ್ಲಿ ಮುದುಕನ ಬಸ್ಸು ಹೊರಟುಹೋಗಿತ್ತು. ಅವನನ್ನು ಊರಿಗೆ ಬಿಟ್ಟುಬರಲು ತಮ್ಮನೇ ವ್ಯಾನಿನ ಕೀಲಿ ತೆಗೆದುಕೊಂಡ.

"ಇವತ್ತೇ ಹೋಗ್ಬೇಕಾ?" ಎಂದಳು ಹೆಂಡತಿ. ಆಮೇಲೆ ಅವನ ಮುಖ ನೋಡಿ, "ಹೋಗಿ ಬನ್ನಿ. ನಿಧಾನ," ಎಂದಳು.

ಅಂಗಡಿ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ತುಕ್ಕು ಹಿಡಿದ ಬಾನೆಟ್ಟುಗಳ ರಾಶಿ ದಾಟಿ, ತಗಡಿನ ಶೆಡ್ಡಿನ ಮೂಲೆಗೆ ಮುದುಕ ಅವನನ್ನು ಕರೆದೊಯ್ದ. ಗೋಡೆಗೆ ಇಳಿಬಿಟ್ಟಿದ್ದ ಗೋಣಿಯನ್ನು ಸರಿಸಿದ.

"ಇವೆಲ್ಲ ಯಾರೂ ಕೇಳಿದ್ದಲ್ಲ. ಅಕ್ಕ ಮುಂದೆ ಯಾವತ್ತಾದ್ರೂ ಕೇಳ್ಬೋದು ಅಂತ ತೆಗೆದಿಟ್ಟಿದ್ದು. ಫೋನು ನಿಂತ ಮೇಲೂ ಕೈ ತಡೀಲಿಲ್ಲ."

ಮರದ ಕಪಾಟಿನಲ್ಲಿ ದೀಪದ ಗಾಜುಗಳು, ಹಾರ್ನುಗಳು, ಬೀಗಗಳು, ಒರೆಸಿ ಎಣ್ಣೆ ಸವರಿದ ಕನ್ನಡಿ ಚೌಕಟ್ಟುಗಳು ಸಾಲಾಗಿದ್ದವು. ಮೇಲಿನ ಅಡ್ಡಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಅಕ್ಕ' ಎಂದು ಬರೆದಿತ್ತು. ಮಾಸಿದಾಗಲೆಲ್ಲ ಅದರ ಮೇಲೇ ತಿದ್ದಿ ತಿದ್ದಿ ಅಕ್ಷರಗಳು ಬೆರಳಿನಷ್ಟು ದಪ್ಪಗಾಗಿದ್ದವು. ಈಚೆಗೆ ತಿದ್ದಿದ್ದರ ಪುಡಿ ಕೆಳಗಿನ ಹಾರ್ನೊಂದರ ಮೇಲೆ ಬೆಳ್ಳಗೆ ಉದುರಿತ್ತು.