ಒಂಬತ್ತನೆಯ ಗುಡ್ಡೆ

ಯುಗಾದಿಯ ಮಾರನೆ ದಿನ, ಹೊಸತೊಡಕಿನ ಸೋಮವಾರ. ಬಿಸಿಲು ಇನ್ನೂ ಜಗಲಿ ಹತ್ತಿರಲಿಲ್ಲ. ರಘುನಂದನ್ ಮಗಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದ.

“ಇಪ್ಪತ್ನಾಕ್ನ ನಾಕ್ರಿಂದ ಭಾಗ್ಸು ಅಂದ್ರೆ ಇಪ್ಪತ್ತು ಅಂತೀಯಲ್ಲೇ. ಅದು ಕಳೆಯೋದು. ಭಾಗ್ಸೋದು ಅಂದ್ರೇನು, ಬೊಗಳು.”

ಒಂಬತ್ತು ವರ್ಷದ ದೀಪಿಕ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಹುಬ್ಬಿನ ಮೇಲೆ ರಕ್ತ ಜಿನುಗಿತು. ಬಿಡಿಸಲು ಬಂದ ಹೆಂಡತಿ ನಯನಳ ಹೊಟ್ಟೆಗೆ ಒದ್ದ. ಕೊಟ್ಟಿಗೆಯಿಂದ ಬಂದ ಅವನ ತಾಯಿ ಚಿಕ್ಕಬೋರಮ್ಮ ಏನೂ ಅನ್ನಲಿಲ್ಲ. ಅವನ ಅಪ್ಪನ ಕೈಯೂ ಹೀಗೇ ಇತ್ತು. ಆಗಲೂ ಅವಳು ಏನೂ ಅಂದವಳಲ್ಲ. ಮೊಮ್ಮಗಳ ಹುಬ್ಬಿಗೆ ಅರಿಸಿನ ಮೆತ್ತಿ, ಪಾತ್ರೆ ಹಿಡಿದು, ಅವಳನ್ನೂ ಕರೆದುಕೊಂಡು ಗುಡ್ಡೆ ಬಾಡು ತರಲು ಹೊರಟಳು.

ಬೀದಿಯ ಒಂಬತ್ತು ಮನೆಯವರು ಕೂಡಿ ತಂದ ಮರಿಯನ್ನು ಚಿಕ್ಕಮಾದು ಹುಣಸೆಮರದ ಕೆಳಗೆ ಕುಯ್ದಿದ್ದ. ನೆಲದ ರಕ್ತದ ಮೇಲೆ ನೊಣ. ಬಾಳೆಲೆಯ ಮೇಲೆ ಮೂಳೆ, ಮೆತ್ತನೆಯದು, ಕೊಬ್ಬು ಎಲ್ಲ ಸಮಕ್ಕೆ ಬೀಳುವಂತೆ ಗುಡ್ಡೆ ಹಾಕಿ ಮುಗಿಸಿದ್ದ.

ಚಿಕ್ಕಬೋರಮ್ಮ ಗುಡ್ಡೆ ಎಣಿಸಿದಳು. “ಲೇ ಮಾದು, ಎಂಟೇ ಆಕಿದ್ದೀಯಲ್ಲೋ. ಯಶೋದಮ್ಮನ ಮನೆಯವ್ರು ಸೊಪ್ಪು ತಿನ್ನಬೇಕಾ?”

ಚಿಕ್ಕಮಾದು ನಾಲಗೆ ಕಚ್ಚಿಕೊಂಡ. “ಗ್ಯಾನ ತಪ್ತು ಕಣಮ್ಮೋ. ಆವಮ್ಮ ನೋಡಿದ್ರೆ ನನ್ನೇ ಕುಯ್ದು ಗುಡ್ಡೆ ಆಕ್ಬುಡೋಳು.”

ಎಂಟು ಗುಡ್ಡೆಯಿಂದಲೂ ಚೂರು ಚೂರು ಎತ್ತಿ ಅವನು ಒಂಬತ್ತನೆಯದನ್ನು ಕಟ್ಟಿದ. ದೀಪಿಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

“ಅಜ್ಜಿ, ಯಾರೂ ತಕ್ಕೊಂಡೋಗ್ಲಿಲ್ಲ. ಆದ್ರೂ ಎಲ್ಲಾ ಗುಡ್ಡೆನೂ ಚಿಕ್ಕದಾಯ್ತು.”

“ಮನೆ ಒಂದು ಜಾಸ್ತಿ ಆಯ್ತಲ್ಲವ್ವ. ಮರಿ ಅಷ್ಟೇ ಅಲ್ವಾ.”

“ಅಂಗಾರೆ ಇದು ಕಳೆಯೋದಲ್ಲ. ಕಳುದ್ರೆ ಓಯ್ತದೆ, ಇದು ಎಲ್ಲಾ ಇಲ್ಲೇ ಅದೆ. ಎಷ್ಟು ಮನೆ ಅಂತ ಮೊದ್ಲು ಎಣಿಸ್ಬೇಕು, ಅಷ್ಟೇ.” ಹುಬ್ಬಿನ ಗಾಯ ಮರೆತು ಹುಡುಗಿ ನಕ್ಕಳು.

ಊಟದ ಹೊತ್ತಿಗೆ ಅವಳೇ ಅಪ್ಪನ ಮುಂದೆ ನಿಂತಳು. “ಆರು, ಅಪ್ಪ. ನಾಕು ಮನೆಗೆ ಆರಾರು ಚೂರು.”

ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ರಘುನಂದನ್ ಹೆಂಡತಿಯನ್ನು ನೋಡಿದ. “ನೀನು ಏಳ್ಕೊಟ್ಟು ಕಳ್ಸಿದ್ದೀಯ.”

ಅವನು ಎತ್ತಿ ಎಸೆದ ಬಿಸಿ ಸಾರು ನಯನಳ ತೋಳಿನ ಮೇಲೆ ಬಿತ್ತು. ಚಿಕ್ಕಬೋರಮ್ಮ ಆ ಮನೆಯಲ್ಲಿ ಮೊದಲ ಸಲ ಅಡ್ಡ ಹೋದಳು. ಮಗನ ಒಂದೇ ಏಟಿಗೆ ಅವಳ ತುಟಿ ಒಡೆಯಿತು.

ಮರುದಿನ ಕೋಳಿ ಕೂಗಿದಾಗ ಅವನು ಇನ್ನೂ ಮಲಗಿದ್ದ. ಚಿಕ್ಕಬೋರಮ್ಮ ಸೊಸೆಯ ಬಟ್ಟೆ ಗಂಟು ಕಟ್ಟಿದಳು. “ಹನಕೆರೆಗೆ, ನಿಮ್ಮವ್ವನ ಮನೆಗೆ ಓಗ್ಬುಡು. ಇನ್ನು ಇಲ್ಲಿರ್ಬ್ಯಾಡ.” ಹಬ್ಬದ ಒಬ್ಬಟ್ಟು ಮಿಕ್ಕಿದ್ದವು. ಬುಟ್ಟಿಯನ್ನು ಮೊಮ್ಮಗಳ ಮುಂದಿಟ್ಟು, “ದಾರಿಗೆ ಪಾಲು ಮಾಡವ್ವ,” ಎಂದಳು.

ದೀಪಿಕ ಮೂರು ಎಲೆ ಹಾಸಿದಳು.

“ಎರಡಲ್ವಾ ಕೂಸೆ?”

“ಮೂರು,” ಎಂದಳು ಹುಡುಗಿ, ತಲೆಯೆತ್ತದೆ. ಒಂದೊಂದಾಗಿ ಹಾಕುತ್ತಾ ಹೋದಳು.

ಚಿಕ್ಕಬೋರಮ್ಮ ಮೂರನೆಯ ಎಲೆಯನ್ನೇ ನೋಡುತ್ತಾ ನಿಂತಳು. ಒಳಗಿನಿಂದ ಮಗನ ಗೊರಕೆ ಕೇಳುತ್ತಿತ್ತು. ಆಮೇಲೆ ಬಗ್ಗಿ, ಎಲೆ ಮಡಚಿ, ಸೆರಗಿಗೆ ಕಟ್ಟಿಕೊಂಡಳು.

ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವ ರೂಢಿ ಆ ಊರಲ್ಲಿಲ್ಲ. ಆ ಮಂಗಳವಾರ, ಬೆಳಕವಾಡಿ ಕಡೆಯಿಂದ ಬಂದ ಮೊದಲ ಬಸ್ಸಿಗೆ ಮೂವರೂ ಹತ್ತಿದರು.